ವಿಡಿಯೋ ಆಟಗಳ ನಿರ್ಮಾಣಕ್ರಮವೂ ಬಿಡುಗಡೆಯ ಕಾಲದ ಗುಣವೂ

೧

ಹಂಪೆಯ ಮಂಟಪಗಳಲ್ಲಿಯೂ ಬಂಡೆಗಳ ಮೇಲೆಯೂ ನೆಲವನ್ನು ನೋಡುತ್ತ ನಡೆಯುವವರಿಗೆ ಅಲ್ಲಲ್ಲಿ ಕೊರೆದ ಗೆರೆಗಳೂ ಸಾಲುಗುಳಿಗಳೂ ಕಣ್ಣಿಗೆ ಬೀಳುತ್ತವೆ. ಅವು ಶಾಸನಗಳಲ್ಲ, ಶಿಲ್ಪವೂ ಅಲ್ಲ; ಹುಲಿ-ಕುರಿ, ಅಳಗುಳಿಮನೆ ಮೊದಲಾದ ಆಟಗಳ ಮನೆಗಳು. ಅವನ್ನು ಕೊರೆದವರು ಕಲ್ಲುಕುಟಿಗರೋ, ಕಾವಲಿನವರೋ, ಯಾತ್ರಿಕರೋ. ಯಾರೂ ತಮ್ಮ ಹೆಸರನ್ನು ಬರೆದಿಟ್ಟು ಹೋಗಲಿಲ್ಲ. ಆದರೆ ಆ ಆಟಗಳ ಹದ ಬೆರಗುಗೊಳಿಸುವಂಥದು. ಹುಲಿ-ಕುರಿಯ ಒಂದು ಪ್ರಸಿದ್ಧ ಪಾಠದಲ್ಲಿ ಹುಲಿಗಳು ಮೂರು, ಕುರಿಗಳು ಹದಿನೈದು. ಕುರಿಗಳನ್ನು ತೀರ ಕಡಿಮೆ ಮಾಡಿದರೆ ಹುಲಿಯನ್ನು ಕಟ್ಟಿಹಾಕುವುದು ಆಗದ ಮಾತು. ತೀರ ಹೆಚ್ಚಿಸಿದರೆ ಹುಲಿಗೆ ಉಸಿರಾಡಲೂ ಎಡೆಯಿಲ್ಲ. ಈ ಎಣಿಕೆಯನ್ನು ಯಾವನೊಬ್ಬ ಪಂಡಿತನು ಮುಂದಾಗಿಯೇ ಗುಣಿಸಿ ಕಂಡುಹಿಡಿದನೆಂದು ತೋರುವುದಿಲ್ಲ. ಆಡಿ, ಸೋತು, ಜಗಳವಾಡಿ, ತಿದ್ದಿ, ಮತ್ತೆ ಆಡಿ, ಹಲವು ತಲೆಮಾರಿನವರು ಕಂಡುಕೊಂಡ ಹದವಿದು.

ಈ ಕಾಲದ ವಿಡಿಯೋ ಆಟಗಳ ಸಂಗತಿ ಬೇರೆ. ಅವುಗಳಿಗೆ ತಲೆಮಾರುಗಳ ಅವಕಾಶವಿಲ್ಲ. ಹತ್ತಾರು ಅಥವಾ ನೂರಾರು ಜನ ಕೆಲವು ವರ್ಷ ದುಡಿದು ಒಂದು ಆಟವನ್ನು ಕಟ್ಟುವರು. ಗೊತ್ತುಮಾಡಿದ ಒಂದು ದಿನ ಅದು ಲೋಕದ ಕೈಗೆ ಬೀಳುವುದು. ಅಂದು ಅದು ಗಟ್ಟಿಯಾಗಿದ್ದರೆ ಕೀರ್ತಿ, ಹಸಿಯಾಗಿದ್ದರೆ ಅಪಹಾಸ್ಯ. ಒಂದೇ ಬಗೆಯ ನಿಪುಣರು, ಒಂದೇ ಬಗೆಯ ಯಂತ್ರಗಳು, ಬೇಕಾದಷ್ಟು ಹಣ ಇವೆಲ್ಲ ಇದ್ದರೂ ಒಂದು ಆಟ ಬಿಡುಗಡೆಯ ದಿನ ಪಕ್ವವಾಗಿಯೂ ಇನ್ನೊಂದು ಅಪಕ್ವವಾಗಿಯೂ ಬರಲು ಕಾರಣವೇನು? ಕೆಲಸವನ್ನು ನಡೆಸಿದ ಕ್ರಮದಲ್ಲಿ ಈ ಕಾರಣದ ಬಹುಭಾಗ ಅಡಗಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಕೊನೆಯ ಭಾಗದಲ್ಲಿದೆ.

೨

ಮೊದಲು ‘ಗುಣ’ವೆಂದರೆ ಏನೆಂಬುದನ್ನು ನಿರ್ಣಯಿಸಿಕೊಳ್ಳಬೇಕು. ಬಿಡುಗಡೆಯಾದ ಆಟದಲ್ಲಿ ಮೂರು ಬಗೆಯ ಗುಣಗಳನ್ನು ಎಣಿಸಬಹುದು. ಒಂದನೆಯದು ದೋಷರಾಹಿತ್ಯ: ಆಟ ನಡುವೆ ನಿಂತುಹೋಗಬಾರದು, ಪಾತ್ರಗಳು ಗೋಡೆಯೊಳಗೆ ಹೂತುಹೋಗಬಾರದು, ಆಡಿದಷ್ಟು ಆಟದ ಲೆಕ್ಕ ಅಳಿದುಹೋಗಬಾರದು. ಎರಡನೆಯದು ಪೂರ್ಣತೆ: ಮಾತು ಕೊಟ್ಟ ಭಾಗಗಳೆಲ್ಲವೂ ಇರಬೇಕು. ಮೂರನೆಯದು, ಎಲ್ಲಕ್ಕಿಂತ ಮೇಲಾದುದು, ರಸ: ಆಡುವವನಿಗೆ ಇನ್ನೊಮ್ಮೆ ಆಡಬೇಕೆಂಬ ಆಸೆ ಹುಟ್ಟಬೇಕು. ಮೊದಲನೆಯ ಎರಡನ್ನು ಪಟ್ಟಿಮಾಡಿ ಪರೀಕ್ಷಿಸಬಹುದು. ಮೂರನೆಯದನ್ನು ಪಟ್ಟಿಯಲ್ಲಿ ಬರೆಯಲಾಗದು. ಕಾವ್ಯದ ರಸಕ್ಕೆ ಸಹೃದಯನೇ ಪ್ರಮಾಣವಾಗಿರುವಂತೆ ಆಟದ ರಸಕ್ಕೆ ಆಡುವವನೇ ಪ್ರಮಾಣ. ಅವನ ಕೈಗೆ ಆಟವನ್ನು ಕೊಡುವ ತನಕ ಕಟ್ಟಿದವರಿಗೆ ತಮ್ಮ ಕೃತಿಯ ಗುಣ ತಿಳಿಯುವುದೇ ಇಲ್ಲ. ಆದುದರಿಂದ ಯಾವ ನಿರ್ಮಾಣಕ್ರಮವನ್ನಾದರೂ ಅಳೆಯಲು ಒಂದು ಪ್ರಶ್ನೆಯನ್ನು ಕೇಳಿದರೆ ಬಹುಮಟ್ಟಿಗೆ ಸಾಕು: ಇದರಲ್ಲಿ ಆಡಿ ನೋಡುವ ಘಟ್ಟ ಎಲ್ಲಿ ಬರುವುದು, ಮೊದಲೋ, ನಡುವೆಯೋ, ಕೊನೆಗೋ?

೩

ತಂತ್ರಾಂಶದ ನಿರ್ಮಾಣದಲ್ಲಿ ಹಳೆಯದೂ ಸುಪ್ರಸಿದ್ಧವೂ ಆದ ಕ್ರಮಕ್ಕೆ ‘ವಾಟರ್‌ಫಾಲ್’, ಅಂದರೆ ಜಲಪಾತಕ್ರಮ, ಎಂದು ಹೆಸರು. ಮೊದಲು ಬೇಕುಗಳ ಪಟ್ಟಿ, ಆಮೇಲೆ ನಕ್ಷೆ, ಆಮೇಲೆ ರಚನೆ, ಆಮೇಲೆ ಪರೀಕ್ಷೆ, ಕಟ್ಟಕಡೆಗೆ ಬಿಡುಗಡೆ. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವುದಲ್ಲದೆ ಹಿಂದಕ್ಕೆ ಏರುವುದಿಲ್ಲ. ೧೯೭೦ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬವರು ಬರೆದ ಲೇಖನವೊಂದು ಈ ಕ್ರಮಕ್ಕೆ ಮೂಲವೆಂದು ಹೇಳುವ ರೂಢಿಯಿದೆ. ಆದರೆ ಆ ಲೇಖನವನ್ನು ಓದಿದವರಿಗೆ ಒಂದು ವಿನೋದ ಕಾಣುವುದು. ರಾಯ್ಸರು ‘ಜಲಪಾತ’ವೆಂಬ ಹೆಸರನ್ನು ಬಳಸಿಯೇ ಇಲ್ಲ, ಅದೂ ಅಲ್ಲದೆ, ಪರೀಕ್ಷೆಯನ್ನು ಕೊನೆಗಿಡುವ ಈ ಕ್ರಮ ಅಪಾಯಕರವೆಂದೂ, ಹೊಸ ಕೆಲಸವಾದರೆ ಅದನ್ನು ಎರಡು ಸಲ ಮಾಡಬೇಕೆಂದೂ ಅವರು ಎಚ್ಚರಿಸಿದ್ದಾರೆ. ಲೋಕವು ಚಿತ್ರವನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಬಿಟ್ಟಿತು. ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ತಿಳಿದುಕೊಂಡ ಉದಾಹರಣೆಗಳು ನಮ್ಮ ಶಾಸ್ತ್ರಗಳ ಇತಿಹಾಸದಲ್ಲಿಯೂ ಇಲ್ಲದಿಲ್ಲ.

ಈ ಕ್ರಮದ ಸ್ವರೂಪವನ್ನು ಅರಿಯಲು ನಾವು ಹೊಸಪೇಟೆಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ಕೃಷ್ಣದೇವರಾಯನು ಹಿಂದೆ ನಾಗಲಾಪುರವೆನಿಸಿದ್ದ ಈ ಊರಿನ ಬಳಿ ಗುಡ್ಡಗಳ ನಡುವೆ ಕಟ್ಟಿಸಿದ ದೊಡ್ಡ ಕೆರೆಯ ವೃತ್ತಾಂತವನ್ನು ಪೋರ್ಚುಗೀಸರಾದ ಪೇಸ್, ನೂನಿಜ್ ಇಬ್ಬರೂ ಬರೆದಿಟ್ಟಿದ್ದಾರೆ. ಅವರ ಬರಹಗಳನ್ನು ರಾಬರ್ಟ್ ಸೆವೆಲ್ ಅವರು ೧೯೦೦ರಲ್ಲಿ ತಮ್ಮ ಗ್ರಂಥದ ಮೂಲಕ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಹದಿನೈದು ಇಪ್ಪತ್ತು ಸಾವಿರ ಜನರು ಇರುವೆಗಳಂತೆ ದುಡಿಯುತ್ತಿದ್ದುದನ್ನು ಪೇಸನು ಕಂಡನು. ಅರಸನು ಕೆಲಸವನ್ನು ನಾಯಕರಿಗೆ ಹಂಚಿಕೊಟ್ಟಿದ್ದನು. ಒಬ್ಬೊಬ್ಬ ನಾಯಕನು ತನ್ನ ಪಾಲನ್ನು ಮುಗಿಸುವ ಹೊಣೆ ಹೊತ್ತಿದ್ದನು. ಆದರೂ ಕೆರೆ ಎರಡು ಮೂರು ಬಾರಿ ಒಡೆಯಿತೆಂದು ಅವನು ಬರೆದಿದ್ದಾನೆ. ಹಗಲು ಹಾಕಿದ ಕಲ್ಲು ರಾತ್ರಿ ಕುಸಿಯುತ್ತಿತ್ತೆಂದೂ, ಜೊವಾವ್ ದೆಲ್ಲ ಪೋಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನು ಸುಣ್ಣವನ್ನು ಕೇಳಿದಾಗ ಅರಸನು ನಕ್ಕನೆಂದೂ ನೂನಿಜನು ಹೇಳುತ್ತಾನೆ. ಕೆರೆ ನಿಲ್ಲಲೆಂದು ನರಬಲಿಯನ್ನು ಕೊಟ್ಟರೆಂಬುದನ್ನು ಇಬ್ಬರೂ ಹೇಳುತ್ತಾರೆ. ಅರವತ್ತು ಜನರ ತಲೆಯೆಂದು ಪೇಸನ ಲೆಕ್ಕ. ಕೊನೆಗೆ ಏರಿ ನಿಂತಿತು. ತೂಬುಗಳ ಮೂಲಕ ಗದ್ದೆ ತೋಟಗಳಿಗೆ ನೀರು ಹರಿಯಿತು.

ಏರಿ ಒಡೆದುದಕ್ಕೆ ಶಿಲ್ಪಶಾಸ್ತ್ರದ ಕಾರಣವನ್ನು ಪೇಸನು ಕೊಟ್ಟಿಲ್ಲ. ನಾವೂ ಅದನ್ನು ಊಹಿಸಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಕೆರೆಯ ಏರಿ ನೀರು ತುಂಬುವ ತನಕ ತನ್ನ ಗುಣವನ್ನು ತೋರಿಸಿಕೊಡದ ವಸ್ತು. ಅರ್ಧ ಏರಿಯಲ್ಲಿ ಅರ್ಧ ಕೆರೆಯನ್ನು ನಿಲ್ಲಿಸಿ ನೋಡಲಾಗದು. ನಾಯಕರ ಪಾಲುಗಳು ಬೇರೆಬೇರೆಯಾಗಿ ಎಷ್ಟು ಚೆನ್ನಾಗಿದ್ದರೂ ಅವುಗಳ ಮೇಲೆ ಬೀಳುವ ನೀರು ಒಂದೇ. ಇಂಥ ಕೆಲಸದಲ್ಲಿ ಪರೀಕ್ಷೆ ಕೊನೆಗೆ ಬರುವುದು ವಸ್ತುವಿನ ಸ್ವಭಾವದಿಂದಲೇ ಅನಿವಾರ್ಯ. ಜಲಪಾತಕ್ರಮವು ವಿಡಿಯೋ ಆಟವನ್ನೂ ಕೆರೆಯ ಏರಿಯೆಂದೇ ಭಾವಿಸುತ್ತದೆ. ಆದರೆ ಆಟ ಏರಿಯಲ್ಲ. ಅದನ್ನು ಸಣ್ಣದಾಗಿ ಕಟ್ಟಿ, ಇಂದೇ ಆಡಿ ನೋಡಿ, ನಾಳೆಯೇ ಕೆಡವಿ ಮತ್ತೆ ಕಟ್ಟಬಹುದು. ಈ ಅನುಕೂಲವನ್ನು ತಾನಾಗಿಯೇ ತೊರೆದುಬಿಡುವುದೇ ಆ ಕ್ರಮದ ಮುಖ್ಯ ದೋಷ.

೪

ಪರೀಕ್ಷೆಯನ್ನು ಕೊನೆಗಿಟ್ಟರೆ ಆಗುವ ಕೇಡು ಎರಡು ಬಗೆಯದು.

ಮೊದಲನೆಯದು ಕಾಲದ ಕೇಡು. ಬಿಡುಗಡೆಯ ದಿನವನ್ನು ಮುಂದಾಗಿಯೇ ಸಾರಿಬಿಟ್ಟಿರುತ್ತಾರೆ. ನಕ್ಷೆಗೆ ಎಣಿಸಿದುದಕ್ಕಿಂತ ಎರಡು ತಿಂಗಳು ಹೆಚ್ಚಾಯಿತು, ರಚನೆಗೆ ನಾಲ್ಕು ತಿಂಗಳು ಹೆಚ್ಚಾಯಿತು ಎಂದಿಟ್ಟುಕೊಳ್ಳೋಣ. ದಿನ ಕದಲುವುದಿಲ್ಲ. ಆ ಆರು ತಿಂಗಳು ಎಲ್ಲಿಂದ ಬರಬೇಕು? ಇನ್ನೂ ಆರಂಭವಾಗದ ಕೆಲಸವೊಂದರಿಂದಲೇ, ಎಂದರೆ ಪರೀಕ್ಷೆಯಿಂದಲೇ. ಪಂಕ್ತಿಯ ಕೊನೆಯಲ್ಲಿ ಕುಳಿತವನಿಗೆ ಉಳಿದಷ್ಟೇ ಊಟ.

ಎರಡನೆಯದು ಜೋಡಣೆಯ ಕೇಡು. ಆಟದ ಅಂಗಗಳು ಒಂದರೊಡನೊಂದು ಕೂಡುವಲ್ಲಿಯೇ ದೋಷಗಳು ಹುಟ್ಟುತ್ತವೆ. ಹತ್ತು ಅಂಗಗಳಿದ್ದರೆ ಎರಡೆರಡಾಗಿ ಕೂಡುವ ಸಂಧಿಗಳು ನಲವತ್ತೈದು. ಅಂಗಗಳು ನೂರಾದರೆ ಸಂಧಿಗಳು ನಾಲ್ಕು ಸಾವಿರದ ಒಂಬೈನೂರ ಐವತ್ತು. ಅಂಗ ಹತ್ತರಷ್ಟಾದರೆ ಸಂಧಿ ನೂರರಷ್ಟಕ್ಕಿಂತಲೂ ಹೆಚ್ಚು. ಪ್ರತಿದಿನವೂ ಕೂಡಿಸಿ ನೋಡುತ್ತಿದ್ದರೆ ಇಂದು ಹುಟ್ಟಿದ ದೋಷ ಇಂದೇ ಸಿಕ್ಕುವುದು. ಅದಕ್ಕೆ ಕಾರಣ ಇಂದಿನ ಕೆಲಸವೇ ಎಂದು ತಿಳಿಯುವುದು. ಎಲ್ಲವನ್ನೂ ಕೊನೆಗೆ ಒಮ್ಮೆಲೇ ಕೂಡಿಸಿದರೆ ದೋಷಗಳು ಗುಂಪುಗುಂಪಾಗಿ ಬರುವುವು. ಯಾವುದಕ್ಕೆ ಯಾವುದು ಮೂಲವೆಂದು ಬಿಡಿಸುವುದೇ ದೊಡ್ಡ ಕೆಲಸವಾಗುವುದು.

ಕಾಲದ ಕೇಡಿಗೆ ಹಳೆಯ ಉದಾಹರಣೆ ೧೯೮೨ರ ‘ಇ.ಟಿ.’ ಎಂಬ ಆಟ. ಪ್ರಸಿದ್ಧ ಚಲನಚಿತ್ರವೊಂದರ ಕಥೆಯನ್ನು ಆಟವಾಗಿಸುವ ಹಕ್ಕನ್ನು ಅಮೆರಿಕದ ಅಟಾರಿ ಸಂಸ್ಥೆ ಜುಲೈ ಕೊನೆಗೆ ಪಡೆದು, ಕ್ರಿಸ್ಮಸ್ ಮಾರಾಟಕ್ಕೆ ಆಟ ಸಿದ್ಧವಾಗಬೇಕೆಂದು ಹಟ ಹಿಡಿಯಿತು. ಹೊವಾರ್ಡ್ ಸ್ಕಾಟ್ ವಾರ್ಶಾ ಎಂಬ ನಿಪುಣನಿಗೆ ಸಿಕ್ಕಿದ್ದು ಸುಮಾರು ಐದು ವಾರ. ಇದೇ ಕರ್ತೃವಿನ ಹಿಂದಿನ ಆಟಗಳು ಜನಮೆಚ್ಚುಗೆ ಪಡೆದಿದ್ದುವು. ಆದುದರಿಂದ ಇಲ್ಲಿ ಕೊರತೆಯಾದುದು ಪ್ರತಿಭೆಯಲ್ಲ, ಆಡಿಸಿ ನೋಡುವ ವ್ಯವಧಾನ. ಆಡುವವರು ಮತ್ತೆ ಮತ್ತೆ ಹಳ್ಳಕ್ಕೆ ಬೀಳುತ್ತ ಬೇಸತ್ತರು. ಮಾರಾಟವಾಗದ ಆಟಗಳನ್ನು ೧೯೮೩ರಲ್ಲಿ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ ಎಂಬಲ್ಲಿ ಕಸದ ನೆಲದಲ್ಲಿ ಹೂಳಿದರು. ೨೦೧೪ರಲ್ಲಿ ಆ ನೆಲವನ್ನು ಅಗೆದಾಗ ಅವು ಹೊರಬಂದುವು.

ಹೊಸ ಉದಾಹರಣೆ ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ರೆಡ್ ಸಂಸ್ಥೆಯ ‘ಸೈಬರ್‌ಪಂಕ್ ೨೦೭೭’. ೨೦೧೨ರಲ್ಲಿಯೇ ಸಾರಿದ ಈ ಆಟದ ದಿನವನ್ನು ೨೦೨೦ರಲ್ಲಿ ಮೂರು ಬಾರಿ ಮುಂದೂಡಿ, ಕೊನೆಗೆ ಡಿಸೆಂಬರ್ ೧೦ರಂದು ಬಿಡುಗಡೆಮಾಡಿದರು. ಬಲವಾದ ಗಣಕಗಳಲ್ಲಿ ಅದು ತಕ್ಕಮಟ್ಟಿಗೆ ನಡೆಯಿತು. ಹಿಂದಿನ ತಲೆಮಾರಿನ ಆಟದ ಯಂತ್ರಗಳಲ್ಲಿ ಮುಗ್ಗರಿಸಿತು. ಒಂದು ವಾರದೊಳಗಾಗಿ ಸೋನಿ ಸಂಸ್ಥೆ ಅದನ್ನು ತನ್ನ ಪ್ಲೇಸ್ಟೇಷನ್ ಮಳಿಗೆಯಿಂದ ತೆಗೆದುಹಾಕಿತು. ೨೦೨೧ರ ಜೂನಿನಲ್ಲಿಯೇ ಅದು ಮರಳಿ ಬಂದುದು. ನಿರ್ಮಾಪಕರು ಆಮೇಲೆ ಕೊಟ್ಟ ವಿವರಣೆ ನಮ್ಮ ವಿಷಯಕ್ಕೆ ತೀರ ಹತ್ತಿರವಾದುದು: ಬಲವಾದ ಗಣಕಕ್ಕೆಂದು ಮೊದಲು ಕಟ್ಟಿ, ಹಳೆಯ ಯಂತ್ರಗಳಿಗೆ ಆಮೇಲೆ ಹೊಂದಿಸಬಹುದೆಂದು ಎಣಿಸಿದುದು ತಪ್ಪಾಯಿತು ಎಂದು ಅವರು ಒಪ್ಪಿಕೊಂಡರು. ಅತ್ಯಂತ ಕಠಿನವಾದ ಪರೀಕ್ಷೆಯನ್ನು ಅತ್ಯಂತ ಕೊನೆಗಿಟ್ಟದ್ದೇ ಆ ತಪ್ಪು. ತರುವಾಯ, ೨೦೨೧ರಲ್ಲಿ, ತಮ್ಮ ಕೆಲಸದ ಕ್ರಮವನ್ನೇ ಬದಲಿಸುವುದಾಗಿ ಅವರು ಪ್ರಕಟಿಸಿದರು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿರಲಾಗದು. ಕ್ರಮದ ತಪ್ಪಿಗೆ ದಂಡ ತೆರುವವರು ಆ ಕ್ರಮವನ್ನು ಗೊತ್ತುಮಾಡಿದವರಲ್ಲ. ಕೊನೆಯ ತಿಂಗಳುಗಳಲ್ಲಿ ಹಗಲಿರುಳೆನ್ನದೆ ದುಡಿಸುವ ಪದ್ಧತಿಗೆ ಆ ಕಸುಬಿನಲ್ಲಿ ‘ಕ್ರಂಚ್’ ಎಂದು ಹೆಸರು. ಮೇಲೆ ಹೇಳಿದ ಆಟದ ಬಿಡುಗಡೆಗೆ ಮುನ್ನ, ೨೦೨೦ರ ಸೆಪ್ಟೆಂಬರಿನಲ್ಲಿ, ವಾರಕ್ಕೆ ಆರು ದಿನದ ದುಡಿಮೆ ಕಡ್ಡಾಯವಾದ ಸುದ್ದಿ ಹೊರಬಿತ್ತು. ದಣಿದ ಕೈ ಒಂದು ದೋಷವನ್ನು ತಿದ್ದುವಾಗ ಇನ್ನೊಂದನ್ನು ಹುಟ್ಟಿಸುವುದು ಸಹಜ. ಆದುದರಿಂದ ಕ್ರಂಚಿನಿಂದ ಗುಣವೂ ಹೆಚ್ಚುವುದಿಲ್ಲ. ಏರಿ ಏಕೆ ಒಡೆಯಿತೆಂದು ವಿಚಾರಿಸುವ ಬದಲು ಬಲಿ ಕೊಟ್ಟು ಮುಂದೆ ಸಾಗಿದ ವೃತ್ತಾಂತ ನೆನಪಾಗುವುದು ಇಂಥಲ್ಲಿಯೇ.

೫

ಎರಡನೆಯ ಕ್ರಮವನ್ನು ಆವರ್ತನಕ್ರಮವೆಂದು ಕರೆಯಬಹುದು. ಸ್ವಲ್ಪ ಕಟ್ಟುವುದು, ಆಡಿಸಿ ನೋಡುವುದು, ಕಂಡುದನ್ನು ಅನುಸರಿಸಿ ತಿದ್ದುವುದು, ಮತ್ತೆ ಸ್ವಲ್ಪ ಕಟ್ಟುವುದು. ೨೦೦೧ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ ಹದಿನೇಳು ಮಂದಿ ತಂತ್ರಾಂಶಜ್ಞರು ಸೇರಿ ಪ್ರಕಟಿಸಿದ ‘ಅಜೈಲ್’ ಘೋಷಣೆ ಈ ಪಂಥದ ಸೂತ್ರಗ್ರಂಥವೆನ್ನಬಹುದು. ಇದರ ಒಂದು ಶಾಖೆಯಾದ ‘ಸ್ಕ್ರಮ್’ ಪದ್ಧತಿಯಲ್ಲಿ ಕೆಲಸವನ್ನು ಒಂದು ತಿಂಗಳಿಗೆ ಮೀರದ ಆವರ್ತಗಳಾಗಿ ವಿಭಾಗಿಸುತ್ತಾರೆ. ಪ್ರತಿಯೊಂದು ಆವರ್ತದ ಕೊನೆಗೂ ನಡೆಯಬಲ್ಲ ವಸ್ತುವೊಂದು ಕೈಯಲ್ಲಿರಬೇಕೆಂಬುದು ನಿಯಮ.

ಹೆಸರು ಹುಟ್ಟುವುದಕ್ಕೆ ಮೊದಲೇ ಆಟಗಳಲ್ಲಿ ಈ ಬಗೆಯ ಆಚರಣೆ ಇತ್ತು. ವಾಲ್ವ್ ಸಂಸ್ಥೆಯ ‘ಹಾಫ್-ಲೈಫ್’ ೧೯೯೭ರ ಕೊನೆಗೆ ಬರಬೇಕಾಗಿತ್ತು. ಕಟ್ಟಿದುದನ್ನು ತಾವೇ ಆಡಿ ನೋಡಿದಾಗ ಅದರಲ್ಲಿ ರಸವಿಲ್ಲವೆಂದು ಕಂಡು, ಬಹುಭಾಗವನ್ನು ಕಿತ್ತುಹಾಕಿ ಮತ್ತೆ ಕಟ್ಟತೊಡಗಿದರು. ಹೊರಗಿನ ಒಬ್ಬನನ್ನು ಕರೆತಂದು ಆಡಲು ಕೂರಿಸುವುದು. ಆ ಭಾಗವನ್ನು ಕಟ್ಟಿದವರು ಹಿಂದೆ ಕುಳಿತು, ತುಟಿ ಎರಡು ಮಾಡದೆ, ಅವನು ಎಲ್ಲಿ ತಡೆದ, ಎಲ್ಲಿ ನಕ್ಕ, ಎಲ್ಲಿ ಬೇಸತ್ತ ಎಂಬುದನ್ನು ಬರೆದುಕೊಳ್ಳುವುದು. ಇದು ಅವರ ಪದ್ಧತಿ. ತನ್ನ ಕಾವ್ಯವನ್ನು ಸಭೆಯಲ್ಲಿ ವಾಚಿಸುವಾಗ ವ್ಯಾಖ್ಯಾನವನ್ನು ಹೇಳದೆ ಕೇಳುವವರ ಮುಖವನ್ನೇ ನೋಡುತ್ತ ಕುಳಿತ ಕವಿಯ ಶಿಸ್ತು ಇದು. ಆಟ ಒಂದು ವರ್ಷ ತಡವಾಗಿ, ೧೯೯೮ರ ನವೆಂಬರಿನಲ್ಲಿ ಬಂದಿತು. ಬಂದ ದಿನದಿಂದ ಅದು ತನ್ನ ಜಾತಿಯ ಆಟಗಳಿಗೆ ಮೇಲ್ಪಂಕ್ತಿಯಾಯಿತು.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೆಲ್ಜಿಯಮಿನ ಲೇರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ ೩’ರಲ್ಲಿ ದೊರೆಯುತ್ತದೆ. ಇದರ ಮೊದಲನೆಯ ಅಂಕವನ್ನು ಮಾತ್ರ ೨೦೨೦ರ ಅಕ್ಟೋಬರಿನಲ್ಲಿ, ಇದು ಅಪೂರ್ಣವೆಂದು ತಿಳಿಸಿಯೇ, ಸಾರ್ವಜನಿಕರ ಕೈಗೆ ಕೊಟ್ಟರು. ಹೀಗೆ ಕೊಡುವುದಕ್ಕೆ ‘ಅರ್ಲಿ ಆಕ್ಸೆಸ್’ ಎಂದು ಹೆಸರು. ಸುಮಾರು ಮೂರು ವರ್ಷ ಜನರು ಆಡುತ್ತ ದೂರುತ್ತ ಹೋದರು. ಕಟ್ಟುವವರು ತಿದ್ದುತ್ತ ಹೋದರು. ೨೦೨೩ರ ಆಗಸ್ಟ್ ೩ರಂದು ಪೂರ್ಣರೂಪ ಬಂದಾಗ ಲೋಕ ಅದನ್ನು ಕೊಂಡಾಡಿತು. ಆದರೆ ಅಲ್ಲಿಯೂ ಮೂರನೆಯ ಅಂಕದಲ್ಲಿ ದೋಷಗಳೂ ಯಂತ್ರದ ತಡವರಿಕೆಯೂ ಹೆಚ್ಚೆಂಬ ದೂರು ಕೇಳಿಬಂದಿತು. ಒಂದೇ ಆಟ, ಒಂದೇ ಜನ, ಒಂದೇ ಹಣ. ಸಾವಿರಾರು ಜನ ಮುಂದಾಗಿ ಆಡಿದ ಅಂಕ ಗಟ್ಟಿ, ಹಾಗೆ ಆಡದ ಅಂಕ ಅಷ್ಟು ಗಟ್ಟಿಯಲ್ಲ. ಕೊನೆಯ ಅಂಕದ ವಿಸ್ತಾರವೂ ಒಂದು ಕಾರಣವೇ ಸರಿ. ಆದರೂ ನಮ್ಮ ಪ್ರಮೇಯಕ್ಕೆ ಇದಕ್ಕಿಂತ ಸಮೀಪದ ನಿದರ್ಶನವನ್ನು ಹುಡುಕುವುದು ಕಷ್ಟ.

೬

ಹಾಗಾದರೆ ಆವರ್ತನಕ್ರಮವೇ ಸರ್ವೌಷಧವೆ? ಅಲ್ಲ. ಮೂರು ಆಕ್ಷೇಪಗಳನ್ನು ಪರಿಶೀಲಿಸಬೇಕು.

ತಿದ್ದುವುದಕ್ಕೆ ಕೊನೆಯಿಲ್ಲದಿದ್ದರೆ ಕೃತಿಗೂ ಕೊನೆಯಿಲ್ಲ ಎಂಬುದು ಮೊದಲನೆಯ ಆಕ್ಷೇಪ. ೧೯೯೭ರಲ್ಲಿ ಸಾರಿದ ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಹೊಸ ಹೊಸ ಆಸೆಗಳಿಗೂ ಹೊಸ ಹೊಸ ಯಂತ್ರಾಂಗಗಳಿಗೂ ಮನಸೋತು, ಕಟ್ಟಿದುದನ್ನು ಕೆಡವುತ್ತ, ಕೊನೆಗೆ ೨೦೧೧ರಲ್ಲಿ ಹೊರಬಂದಿತು; ಬಂದಾಗ ಅದರ ಕಾಲ ಕಳೆದುಹೋಗಿತ್ತು. ಆವರ್ತವೆಂದರೆ ಗುರಿಯ ಸುತ್ತ ಕಿರಿದಾಗುತ್ತ ಹೋಗುವ ಸುತ್ತು. ಗುರಿಯೇ ಇಲ್ಲದ ಅಲೆದಾಟವಲ್ಲ.

ಎರಡನೆಯದು: ಕೆಲವು ನಿರ್ಣಯಗಳು ನಿಜವಾಗಿಯೂ ಏರಿಯಂಥವು. ಆಟ ಯಾವ ಯಂತ್ರಗಳಲ್ಲಿ ನಡೆಯಬೇಕು, ಯಾವ ಭಾಷೆಗಳಲ್ಲಿ ಮಾತಾಡಬೇಕು, ಏಕಕಾಲದಲ್ಲಿ ಎಷ್ಟು ಜನ ಆಡಬೇಕು ಎಂಬಿವು ಅಡಿಪಾಯದ ಮಾತುಗಳು. ಇವನ್ನು ನಡುವೆ ಬದಲಿಸಿದರೆ ಕಟ್ಟಡವೇ ಅಲುಗುವುದು. ಆದುದರಿಂದ ವಿವೇಕಿಗಳು ಎರಡು ಕ್ರಮಗಳನ್ನೂ ಬೆರೆಸುತ್ತಾರೆ: ಅಡಿಪಾಯವನ್ನು ಯೋಚಿಸಿ ಮುಂದಾಗಿ ಹಾಕುತ್ತಾರೆ; ರಸಕ್ಕೆ ಸಂಬಂಧಿಸಿದುದನ್ನು ಆಡಿ ಆಡಿ ಕಂಡುಕೊಳ್ಳುತ್ತಾರೆ.

ಮೂರನೆಯದು, ಬಿಡುಗಡೆಯಾದ ಮೇಲೆಯೂ ತಿದ್ದಬಹುದಲ್ಲ ಎಂಬ ವಾದ. ೧೯೮೨ರಲ್ಲಿ ಆಟದ ಪೆಟ್ಟಿಗೆ ಅಂಗಡಿಗೆ ಹೋದ ಮೇಲೆ ಒಂದಕ್ಷರವನ್ನೂ ತಿದ್ದಲಾಗುತ್ತಿರಲಿಲ್ಲ. ಈಗ ಅಂತರ್ಜಾಲದ ಮೂಲಕ ಪ್ಯಾಚ್, ಅಂದರೆ ತೇಪೆ, ಕಳುಹಿಸುವುದು ನಿತ್ಯದ ಮಾತು. ಗ್ರಂಥದ ಕೊನೆಗೆ ತಪ್ಪೊಪ್ಪುಗಳ ಪಟ್ಟಿಯನ್ನು ಅಂಟಿಸುವ ನಮ್ಮ ಹಳೆಯ ಪದ್ಧತಿಯ ಸೋದರಿಯಿದು. ‘ಸೈಬರ್‌ಪಂಕ್’ ಆಟವೂ ೨೦೨೩ರ ಹೊತ್ತಿಗೆ ಬಹಳ ಸುಧಾರಿಸಿ ಕಳೆದುಕೊಂಡ ಮಾನವನ್ನು ಬಹುಪಾಲು ಮರಳಿ ಪಡೆಯಿತು. ಆದರೆ ತಪ್ಪೊಪ್ಪುಗಳ ಪಟ್ಟಿಯಿದೆಯೆಂಬ ಧೈರ್ಯದಿಂದ ಕರಡನ್ನು ನೋಡದೆ ಅಚ್ಚಿಗೆ ಕೊಡುವ ಸಂಪಾದಕನನ್ನು ಯಾರೂ ಮೆಚ್ಚುವುದಿಲ್ಲ. ಅಲ್ಲದೆ ತೇಪೆ ದೋಷಗಳನ್ನು ಮುಚ್ಚಬಲ್ಲದು, ಒಳಗೆ ಇಲ್ಲದ ರಸವನ್ನು ತುಂಬಲಾರದು.

೭

ಇನ್ನು ನಮ್ಮ ನಾಡಿನ ಮಾತು. ಕರ್ನಾಟಕ ಈ ಕಸುಬಿಗೆ ಹೊಸದಲ್ಲ. ೧೯೯೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್‌ಆಕ್ಟಿವ್ ಭಾರತದ ಆಟನಿರ್ಮಾಣ ಸಂಸ್ಥೆಗಳಲ್ಲಿ ಹಿರಿಯದು. ಹೊರದೇಶಗಳ ಅನೇಕ ಆಟಗಳಿಗೆ ಚಿತ್ರಾಂಗಗಳನ್ನು ರಚಿಸಿಕೊಟ್ಟು ಹೆಸರು ಪಡೆದು, ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆಗೆ ಸೇರಿತು. ಈ ಕಸುಬುಗಳಿಗಾಗಿ ರಾಜ್ಯಸರ್ಕಾರ ೨೦೧೨ರಲ್ಲಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತು. ಆದರೆ ಇನ್ನೊಬ್ಬರ ಆಟಕ್ಕೆ ಅಂಗಗಳನ್ನು ಮಾಡಿಕೊಡುವವರು ಕೆರೆಯ ಪಾಲು ಹೊತ್ತ ನಾಯಕರಿದ್ದಂತೆ. ಇಡಿಯ ಏರಿಯ ವಿಚಾರ ಅವರ ಕೈಯಲ್ಲಿಲ್ಲ. ನಮ್ಮ ಚರಿತ್ರೆಯೂ ಹೀಗೆಯೇ ಪರರ ಕೈಯಲ್ಲಿ ಆಟವಾಗತೊಡಗಿದೆ. ೨೦೧೭ರಲ್ಲಿ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಅಮೆರಿಕದ ಆಟದ ಕಥೆ ನಡೆಯುವುದು ಪಶ್ಚಿಮಘಟ್ಟದಲ್ಲಿ, ಹೊಯ್ಸಳರ ಹೆಸರಿನ ಸುತ್ತ. ಹಂಪೆಯೂ ತೆರೆಯನ್ನು ಏರಿದೆ: ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಲಾಧಾಮದಲ್ಲಿ, ಸುತ್ತುತೆರೆಯ ಮೇಲೆ ಹಂಪೆಯ ದೃಶ್ಯಗಳನ್ನು ತಿರುಗಿಸಿ ನೋಡುವ ‘ಪ್ಲೇಸ್-ಹಂಪಿ’ ಎಂಬ ಏರ್ಪಾಡು ೨೦೧೨ರಲ್ಲಿ ನೆಲೆಗೊಂಡಿತು. ಹಂಪೆಯನ್ನು ನೋಡಿಸುವುದು ಸಾಧ್ಯವಾಗಿದೆ. ಇನ್ನು ಇಲ್ಲಿನ ಕಥೆಗಳನ್ನು ಆಡಿಸುವವರು ಹುಟ್ಟುವುದು ಅಸಂಭವವಲ್ಲ.

ದೃಷ್ಟಾಂತಕ್ಕಾಗಿ ಹೀಗೆ ಭಾವಿಸೋಣ. ಹೊಸಪೇಟೆಯ ಕೆಲವು ತರುಣರು ಕುಮಾರರಾಮನ ಕಥೆಯನ್ನು ಕನ್ನಡದ ವಿಡಿಯೋ ಆಟವಾಗಿ ಕಟ್ಟಲು ಹೊರಟಿದ್ದಾರೆ. ಕಂಪ್ಲಿಯ ಹೆಸರಿನಲ್ಲಿ ಆ ಅರಸುಮನೆಯ ನೆನಪಿದೆ. ಸಂಡೂರಿನ ಕಡೆಯ ಗುಡ್ಡಗಳಲ್ಲಿ ಅವನ ಐತಿಹ್ಯಗಳಿವೆ. ನಂಜುಂಡನ ಸಾಂಗತ್ಯವಿದೆ, ಜನಪದರ ಹಾಡುಗಳಿವೆ. ಕಥೆಯ ತಿರುವೇ ಒಂದು ಆಟ: ರಾಮನ ಚೆಂಡು ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುವುದು, ಅದನ್ನು ತರಲು ಅವನು ಹೋಗುವುದು, ಅಲ್ಲಿಂದ ಅನರ್ಥವೆಲ್ಲ ಹುಟ್ಟುವುದು.

ಜಲಪಾತಕ್ರಮದಲ್ಲಿ ಮೊದಲು ನೂರು ಪುಟದ ಯೋಜನೆ ಸಿದ್ಧವಾಗುವುದು. ಅರಮನೆಯ ಚಿತ್ರ, ಉಡುಗೆ, ಸಂಗೀತ, ನಟರ ಧ್ವನಿ ಎಲ್ಲವೂ ಮುಗಿದು, ಎರಡು ವರ್ಷದ ಮೇಲೆ ಎಲ್ಲವನ್ನೂ ಕೂಡಿಸಿ ಆಡಿದಾಗ, ಚೆಂಡನ್ನು ಹೊಡೆಯುವುದರಲ್ಲಿ ಯಾವ ಸುಖವೂ ಇಲ್ಲವೆಂದು ತಿಳಿಯುವುದು. ಆಗ ಚೆಂಡಿನ ವೇಗವನ್ನು ಬದಲಿಸಿದರೆ ಅಂಗಳದ ಅಳತೆ ಬದಲಾಗಬೇಕು. ಅಂಗಳ ಬದಲಾದರೆ ಅರಮನೆ ಬದಲಾಗಬೇಕು. ಹಣವಿಲ್ಲ, ಕಾಲವಿಲ್ಲ, ಇದ್ದಂತೆಯೇ ಬಿಡುಗಡೆಯಾಗುವುದು. ಆವರ್ತನಕ್ರಮದಲ್ಲಾದರೋ ಮೊದಲನೆಯ ವಾರದಲ್ಲಿ ಒಂದು ಬರಿಯ ಗುಂಡು, ಒಂದು ಬರಿಯ ಗೋಡೆ, ಇಷ್ಟನ್ನೇ ಮಾಡಿ ಶಾಲೆಯ ಹುಡುಗರ ಕೈಗೆ ಕೊಡುವರು. ಬಣ್ಣವಿಲ್ಲದ ಆ ಗುಂಡನ್ನು ಹುಡುಗರು ಗಂಟೆಹೊತ್ತು ಬಿಡದೆ ಆಡಿದರೆ ರಸಬೀಜ ಸಿಕ್ಕಿತೆಂದು ಅರ್ಥ. ಅಂಗಳವೂ ಅರಮನೆಯೂ ಆಮೇಲ ಅದರ ಸುತ್ತ ಬೆಳೆಯಲಿ.

ಇನ್ನು ಲಿಪಿಯ ಮಾತು. ಗಣಕವು ಕನ್ನಡದ ಅಕ್ಷರಗಳನ್ನು ಉಚ್ಚಾರಣೆಯ ಅನುಕ್ರಮದಲ್ಲಿ ಕಾಪಿಡುತ್ತದೆ. ತೋರಿಸುವಾಗ ಒತ್ತುಗಳನ್ನೂ ಕಾಗುಣಿತವನ್ನೂ ಕೂಡಿಸಿ, ಸ್ಥಾನ ಬದಲಿಸಿ, ರೂಪ ಕೊಡಬೇಕು. ‘ಧರ್ಮ’ ಎಂಬಲ್ಲಿ ರೇಫೆಯನ್ನು ಮೊದಲು ಉಚ್ಚರಿಸಿದರೂ ಅರ್ಕಾವೊತ್ತು ಮಕಾರದ ಮುಂದೆ ಬರೆಯಲ್ಪಡುವುದು. ಈ ಸಂಸ್ಕಾರವನ್ನರಿಯದ ಆಟದ ಯಂತ್ರಾಂಗದಲ್ಲಿ ‘ವಿರೂಪಾಕ್ಷ’ ಎಂಬ ಹೆಸರಿನ ಕ್ಷಕಾರ ಒಡೆದು ಕಕಾರ ಷಕಾರಗಳು ಬೇರೆಬೇರೆ ನಿಲ್ಲುವುವು. ಇಂಥ ಲಿಪಿಸಂಸ್ಕಾರ ಎಲ್ಲ ಯಂತ್ರಾಂಗಗಳಲ್ಲಿಯೂ ಮೊದಲಿನಿಂದ ಇರಲಿಲ್ಲ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ‘ಗೋಡೋ’ ಎಂಬ ಯಂತ್ರಾಂಗಕ್ಕೆ ಅದು ೨೦೨೩ರ ಮಾರ್ಚಿನಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಕೂಡಿಕೊಂಡಿತು. ಲಿಪಿಯ ವಿಚಾರ ಮೇಲೆ ಹೇಳಿದ ಅಡಿಪಾಯದ ನಿರ್ಣಯಗಳಲ್ಲೊಂದು. ಮೊದಲನೆಯ ತಿಂಗಳಲ್ಲಿ ಒಂದು ಪುಟ ಕನ್ನಡವನ್ನು ತೆರೆಯ ಮೇಲೆ ಬರೆದು ನೋಡಿದ್ದರೆ ಯಂತ್ರಾಂಗವನ್ನೇ ಬೇರೆ ಆರಿಸಬಹುದಾಗಿತ್ತು. ಕೊನೆಯ ತಿಂಗಳಲ್ಲಿ ತಿಳಿದರೆ ಉಳಿಯುವ ದಾರಿ ಎರಡೇ: ಒಡೆದ ಕನ್ನಡ, ಇಲ್ಲವೆ ಇಂಗ್ಲಿಷ್.

೮

ಈಗ ಅಧ್ಯಾಪಕರ ಪ್ರಶ್ನೆಗೆ ಬರಬಹುದು. ಇಂಥ ಕೆಲಸಗಳಲ್ಲಿ ವಿದ್ವಾಂಸರನ್ನು ಕರೆಯುವ ರೂಢಿ ಹೇಗೆಂದರೆ, ಎಲ್ಲ ಮುಗಿದ ಮೇಲೆ ‘ಒಮ್ಮೆ ಕಣ್ಣಾಡಿಸಿಕೊಡಿ’ ಎನ್ನುವುದು. ಆಗ ಅವರು ಪಾಠಾಂತರವನ್ನು ತೋರಿಸಿದರೆ ಧ್ವನಿಮುದ್ರಣ ಮುಗಿದಿದೆ. ಉಡುಗೆ ಆ ಕಾಲದ್ದಲ್ಲವೆಂದರೆ ಚಿತ್ರ ಮುಗಿದಿದೆ. ಮಾತಿನ ಧಾಟಿ ಬಳ್ಳಾರಿ ಸೀಮೆಯದಲ್ಲವೆಂದರೆ ದಿನ ಗೊತ್ತಾಗಿದೆ. ವಿದ್ವತ್ತೂ ಪರೀಕ್ಷೆಯಂತೆಯೇ ಪಂಕ್ತಿಯ ಕೊನೆಯಲ್ಲಿ ಕುಳಿತು ಉಳಿದುದನ್ನು ಉಣ್ಣಬೇಕಾಗಿದೆ. ಸುಣ್ಣವನ್ನು ಕೇಳಿದವನ ಮಾತಿಗೆ ನಕ್ಕ ವೃತ್ತಾಂತವನ್ನು ಇಲ್ಲಿ ಮತ್ತೊಮ್ಮೆ ನೆನೆಯಬಹುದು. ಇದು ವಿದ್ವಾಂಸರ ಮಾನದ ಪ್ರಶ್ನೆಯಷ್ಟೇ ಅಲ್ಲ. ನಂಜುಂಡನ ಸಾಂಗತ್ಯವನ್ನು ಎಂದೂ ತೆರೆಯದ ಹುಡುಗನಿಗೆ ಆ ಆಟದ ಕುಮಾರರಾಮನೇ ಕುಮಾರರಾಮ. ತೆರೆಯ ಮೇಲೆ ಒಡೆದು ನಿಂತ ಕನ್ನಡವೇ ಕನ್ನಡ. ಯಂತ್ರದ ದೋಷಕ್ಕೆ ತೇಪೆ ಮರುವಾರ ಬರಬಹುದು. ಮನಸ್ಸಿನಲ್ಲಿ ನೆಲೆನಿಂತ ತಪ್ಪು ಪಾಠಕ್ಕೆ ತೇಪೆ ಕಳುಹಿಸುವ ಉಪಾಯವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಆದುದರಿಂದ ನಮ್ಮ ಕಡೆಯಿಂದ ಎರಡು ಕೆಲಸಗಳು ಆಗಬೇಕು. ಇಂಥ ಪ್ರಯತ್ನಗಳು ಕೇಳಿಬಂದಾಗ ವಿದ್ವಾಂಸರು ಮೊದಲನೆಯ ವಾರದಲ್ಲಿಯೇ ಜೊತೆಗೂಡಬೇಕು. ಕೊನೆಯ ವಾರದ ಮುದ್ರೆ ಒತ್ತಲು ಮಾತ್ರ ಒಪ್ಪಬಾರದು. ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯ ಹಂಪೆಯಲ್ಲಿಯೇ ಇರುವುದರಿಂದ ಈ ಸೀಮೆಯವರಿಗೆ ಅದು ದೂರದ ಮಾತಲ್ಲ. ಎರಡನೆಯದಾಗಿ, ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಆಡಿ ನೋಡುವ ಮೊದಲ ಸಹೃದಯರನ್ನಾಗಿ ಒದಗಿಸಬಹುದು. ಕುಮಾರರಾಮನ ಮಾತು ಎಲ್ಲಿ ಸಹಜ, ಎಲ್ಲಿ ಕೃತಕ ಎಂಬುದನ್ನು ಕಂಪ್ಲಿಯ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಹೇಳಬಲ್ಲಳು. ಬಿಡುಗಡೆಗೆ ಮೊದಲು ಕೇಳುವವರಿರಬೇಕು.

ಹಂಪೆಯ ನೆಲಗಲ್ಲಿನ ಮೇಲೆ ಹುಲಿ-ಕುರಿಯ ಮನೆಯನ್ನು ಕೊರೆದವರು ಅದನ್ನು ಕೊರೆದುದು ಆಟ ಹದಕ್ಕೆ ಬಂದ ಮೇಲೆ. ಅದಕ್ಕೆ ಮೊದಲು ಮಣ್ಣಿನ ಮೇಲೆ ಕಡ್ಡಿಯಿಂದ ಎಷ್ಟು ಸಲ ಗೆರೆ ಎಳೆದು ಅಳಿಸಿದರೆಂಬುದಕ್ಕೆ ಲೆಕ್ಕವಿಲ್ಲ. ಬಿಡುಗಡೆಯೆಂದರೆ ಕಲ್ಲಿನಲ್ಲಿ ಕೊರೆಯುವುದು. ಅದಕ್ಕೆ ಮುನ್ನ ಮಣ್ಣಿನಲ್ಲಿ ಆಡಿ ನೋಡಬೇಕು. ತಂತ್ರಾಂಶಶಾಸ್ತ್ರ ಅರ್ಧ ಶತಮಾನದಲ್ಲಿ ಕಲಿತುಕೊಂಡ ಪಾಠದ ಸಾರವೂ ಇಷ್ಟೇ.